ಬಾಳೆ ಅನ್ನೋ ಹೆಸರು ಎಲ್ಲಿಂದ ಬಂತು? ಬಾಳು, ಕದಳಿ, ರಂಭೆ, ಜೊತೆಗೊಂದು ಮೀನು

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಮೊನ್ನೆ ನೆಂಟರ ಗೃಹಪ್ರವೇಶದಲ್ಲಿ ಬಾಗಿಲಿಗೆ ಬಾಳೆಕಂಬ ಕಟ್ಟುತ್ತಿದ್ದೆವು. ಪುರೋಹಿತರು ಒಂದು ಮಾತು ಹೇಳಿದರು. "ಬಾಳು ಅನ್ನೋದರಿಂದಲೇ ಬಾಳೆ ಬಂದಿದ್ದು. ಅದಕ್ಕೇ ಶುಭಕಾರ್ಯಕ್ಕೆ ಬಾಳೆ ಬೇಕೇ ಬೇಕು." ಕೇಳೋಕೆ ಚೆನ್ನಾಗಿದೆ. ಆದರೆ ಇದು ನಿಜವಾ, ಇಲ್ಲ ಸುಮ್ನೆ ಪ್ರಾಸಕ್ಕೆ ಹೊಂದಿಸಿದ್ದಾ? ಇನ್ನೊಂದು ಅನುಮಾನವೂ ಇದೆ. ಒಂದೇ ಹಣ್ಣಿಗೆ ಬಾಳೆ, ಕದಳಿ, ರಂಭೆ ಅಂತ ಇಷ್ಟೊಂದು ಹೆಸರು ಯಾಕೆ? ನಾನು ಬಾಳೆ ಬೆಳೆಯುವವನು, ಭಾಷೆ ಓದಿದವನಲ್ಲ. ಗೊತ್ತಿರುವವರು ಹೇಳಿ.

ಹಳೆಓಲೆ:
ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ಕನ್ನಡ ಕಳೆದುಕೊಂಡ ಒಂದು ಅಕ್ಷರದ ಹತ್ತಿರ ಹೋಗಬೇಕು. ಅದು ೞ. ತಮಿಳರು 'ತಮಿೞ್' ಅನ್ನುವಾಗ, ಮಲಯಾಳಿಗಳು 'ಮೞ' ಅನ್ನುವಾಗ ನಾಲಿಗೆ ಒಳಕ್ಕೆ ಮಡಿಸಿ ಒಂದು ಸದ್ದು ಮಾಡುತ್ತಾರಲ್ಲ, ಅದೇ. ಹಳಗನ್ನಡದಲ್ಲಿ ನಮಗೂ ಇತ್ತು. ಆಮೇಲೆ ಹೆಚ್ಚಿನ ಕಡೆ ಅದು ಳ ಆಯಿತು, ಕೆಲವು ಕಡೆ ರ್ ಆಗಿ ಮುಂದಿನ ಅಕ್ಷರದೊಳಗೆ ಸೇರಿಹೋಯಿತು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣ ಅನ್ನೋ ವ್ಯಾಕರಣದಲ್ಲಿ ಯಾವ ಯಾವ ಪದಕ್ಕೆ ೞ ಬರುತ್ತದೆ ಅಂತ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜನ ಸರಿಯಾಗಿ ಉಚ್ಚರಿಸುತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು ಹೇಳಿ!

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬದುಕು ಅನ್ನೋ ಅರ್ಥದ ಬಾಳು ಹಳಗನ್ನಡದಲ್ಲಿ ಬಾೞ್. ಹಣ್ಣಿನ ಬಾಳೆ ಬಾೞೆ. ತಮಿಳಿನಲ್ಲಿ ವಾೞ್, ವಾೞೈ. ಮಲಯಾಳದಲ್ಲಿ ಗಿಡಕ್ಕೆ ವಾೞ. ಅಲ್ಲಿನ ವ ನಮ್ಮಲ್ಲಿ ಬ ಆಗುವುದು ಮಾಮೂಲು. ವಿಲ್ ಬಿಲ್ಲಾಯಿತು, ವಾಯ್ ಬಾಯಾಯಿತು, ವಿರಲ್ ಬೆರಳಾಯಿತು. ಹಾಗಾಗಿ ಎರಡೂ ಪದಕ್ಕೆ ಒಂದೇ ೞ ಇದೆ. ನಿಮ್ಮ ಪುರೋಹಿತರ ಮಾತಿಗೆ ಇಷ್ಟರ ಮಟ್ಟಿಗೆ ಬಲ ಸಿಕ್ಕಿತು.

ಆದರೆ ಇಲ್ಲಿಗೆ ತೀರ್ಪು ಕೊಡಬೇಡಿ. ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಮಾಡಿದ ಬರೋ ಮತ್ತು ಎಮೆನೋ ಈ ಎರಡನ್ನೂ ಬೇರೆ ಬೇರೆ ಪದಗಳಾಗಿಯೇ ಇಟ್ಟಿದ್ದಾರೆ. ಅಕ್ಕಪಕ್ಕದಲ್ಲಿವೆ, ಸಂಬಂಧ ಹೇಳಿಲ್ಲ.

ಪ್ರಾಸಬದ್ಧ:
ಯಾಕೆ ಸಂಬಂಧ ಇರಬಾರದು? ಕೊಲ್ಲು–ಕೊಲೆ, ಬೆಳೆ, ನಡೆ, ಹೀಗೆ ಕ್ರಿಯಾಪದಕ್ಕೆ ಎ ಹಚ್ಚಿ ನಾಮಪದ ಮಾಡೋದು ನಮ್ಮಲ್ಲಿ ಇದ್ದೇ ಇದೆ. ಬಾಳು–ಬಾಳೆ ಅದೇ ದಾರಿ.

ಹಳೆಓಲೆ:
ರೂಪ ಹೊಂದುತ್ತೆ, ಒಪ್ಪುತ್ತೇನೆ. ತಕರಾರು ಇರೋದು ಅರ್ಥದಲ್ಲಿ. ಕೊಲೆ ಅಂದರೆ ಕೊಲ್ಲುವ ಕೆಲಸ. ನಡೆ ಅಂದರೆ ನಡೆಯುವ ರೀತಿ. ಆ ಲೆಕ್ಕದಲ್ಲಿ ಬಾಳೆ ಅಂದರೆ 'ಬಾಳುವಿಕೆ' ಆಗಬೇಕಿತ್ತು, ಗಿಡ ಆಗಬೇಕಿರಲಿಲ್ಲ. ಆ ಕೆಲಸಕ್ಕೆ ನಮ್ಮಲ್ಲಿ ಬಾಳು, ಬಾಳುವೆ ಇದ್ದೇ ಇವೆ, ತಮಿಳರಿಗೆ ವಾೞ್ಕೈ ಇದೆ. 'ಚೆನ್ನಾಗಿ ಬಾಳುವ ಗಿಡ' ಅಂತ ಎಳೆದು ತಂದರೆ ಯಾವ ಮರಕ್ಕೆ ಬೇಕಾದರೂ ಹೇಳಬಹುದು. ಅದೂ ಒಂದು ಗೊನೆ ಬಿಟ್ಟು ಸಾಯುವ ಗಿಡಕ್ಕೆ!

ಕುಡ್ಲದವ:
ಮಾರಾಯ್ರೆ, ತುಳುವನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮಲ್ಲಿ ಬಾಳೆಗೆ ಬಾರೆ. ಬಾಳೆಹಣ್ಣಿಗೆ ಬಾರೆದ ಪರ್ಂದ್. ನೀವು ಹೇಳಿದ ೞ ತುಳುವಿನಲ್ಲಿ ರ ಆಗಿದೆ ಅಂತ ಕಾಣುತ್ತದೆ. ಕೋಳಿಗೆ ನಾವು ಕೋರಿ ಅಂತೇವೆ. ತಮಿಳಿನ ಕಿೞಂಗು ನಮ್ಮಲ್ಲಿ ಕೆರೆಂಗ್, ಅಂದರೆ ಗೆಣಸು. ಅವರ ಪೞಂ ನಮ್ಮ ಪರ್ಂದ್.

ಇನ್ನೊಂದು ಮಜಾ ಇದೆ. ತುಳುವಿನಲ್ಲಿ ಬಾಲೆ ಅಂದರೆ ಮಗು. "ಬಾಲೆಗ್ ಪೇರ್ ಕೊರ್ಲೆ" ಅಂದರೆ ಮಗುವಿಗೆ ಹಾಲು ಕೊಡಿ ಅಂತ. ಘಟ್ಟದ ಮೇಲಿಂದ ಬಂದ ಸೊಸೆ ಇದನ್ನು ಕೇಳಿ ಬಾಳೆಹಣ್ಣಿಗೆ ಹಾಲು ಸೇರಿಸಿ ರಸಾಯನ ಮಾಡಿದಳಂತೆ ಅಂತ ನಮ್ಮ ಕಡೆ ತಮಾಷೆ ಮಾಡುತ್ತಾರೆ.

ಹಳೆಓಲೆ:
ಕೋರಿ–ಬಾರೆ ಜೋಡಿ ಬಹಳ ಉಪಯೋಗ. ಕನ್ನಡದಲ್ಲಿ ೞ ಅಳಿಸಿಹೋದ ಮೇಲೆ ಯಾವ ಳ ಮೊದಲು ೞ ಆಗಿತ್ತು ಅಂತ ತಿಳಿಯೋಕೆ ತುಳು, ತಮಿಳು, ಮಲಯಾಳವನ್ನೇ ಕೇಳಬೇಕು. ಇನ್ನು ನಿಮ್ಮ ಮಗುವಿನ ಬಾಲೆ ಸಂಸ್ಕೃತದ ಬಾಲದಿಂದ ಬಂದಿದ್ದು, ಅದಕ್ಕೂ ಇದಕ್ಕೂ ನಂಟಿಲ್ಲ.

ಹೊಳೆದಂಡೆ:
ಹಾಗಾದರೆ ಬಾಳೆ ಮೀನಿಗೆ ಆ ಹೆಸರು ಯಾಕೆ? ನಮ್ಮ ಕಡೆ ತುಂಗಭದ್ರೆಯಲ್ಲಿ ಸಿಗುತ್ತದೆ. ಉದ್ದಕ್ಕಿರುತ್ತದೆ, ಮೈಮೇಲೆ ಹುರುಪೆ ಇಲ್ಲ, ಬಾಯಿ ಮಾತ್ರ ಭಾರಿ ದೊಡ್ಡದು. ಬೇರೆ ಮೀನನ್ನು ತಿನ್ನುವ ಜಾತಿ. ಬಾಳೆ ಎಲೆ ಥರ ನುಣ್ಣಗಿರೋದಕ್ಕೆ ಆ ಹೆಸರು ಅಂತ ನಮ್ಮಜ್ಜ ಹೇಳುತ್ತಿದ್ದರು.

ಹಳೆಓಲೆ:
ಇದನ್ನು ಕೇಳಿದ್ದಕ್ಕೆ ಧನ್ಯವಾದ. ಇಡೀ ಚರ್ಚೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಈ ಮೀನೇ. ತಮಿಳಿನಲ್ಲಿ ಹಣ್ಣಿನ ಗಿಡ ವಾೞೈ, ಮೀನು ವಾಳೈ. ಅಕ್ಷರವೇ ಬೇರೆ, ಸದ್ದೇ ಬೇರೆ. ಅಲ್ಲಿ ಯಾರಿಗೂ ಗೊಂದಲ ಆಗಲ್ಲ. ನಮ್ಮಲ್ಲಿ ೞ ಹೋಗಿ ಳ ಉಳಿದ ಮೇಲೆ ಎರಡೂ 'ಬಾಳೆ' ಆಗಿ ಕೂತವು. ತಮಿಳಿನಲ್ಲಿ ವಾಳ್ ಅಂದರೆ ಕತ್ತಿ. ಹಳಗನ್ನಡದಲ್ಲೂ ಬಾಳ್ ಅಂದರೆ ಕತ್ತಿಯೇ. ಕಾವ್ಯಗಳಲ್ಲಿ ಯುದ್ಧದ ವರ್ಣನೆ ಬಂದಾಗ ಈ ಬಾಳ್ ಮತ್ತೆ ಮತ್ತೆ ಬರುತ್ತದೆ. ಉದ್ದನೆಯ, ಚಪ್ಪಟೆ ಮೈಯ ಮೀನಿಗೆ ಕತ್ತಿಯ ಹೆಸರು ಹೊಂದುತ್ತೆ ಅಲ್ವಾ? ತಮಿಳುನಾಡಿನ ಕರಾವಳಿಯಲ್ಲಿ ರಿಬ್ಬನ್‌ನಂತಿರುವ ಬೆಳ್ಳಿ ಬಣ್ಣದ ಮೀನಿಗೂ ವಾಳೈ ಅಂತಾರೆ.

ಅಂದರೆ ಇವತ್ತಿನ ಕನ್ನಡದಲ್ಲಿ 'ಬಾಳ್' ಅನ್ನೋ ಒಂದೇ ಸದ್ದಿನೊಳಗೆ ಬದುಕು, ಕತ್ತಿ, ಹಣ್ಣು, ಮೀನು ನಾಲ್ಕೂ ಇವೆ. ಹಳಗನ್ನಡದವರಿಗೆ ಅವು ಎರಡು ಗುಂಪು. ಬದುಕು ಮತ್ತು ಹಣ್ಣು ಒಂದು ಕಡೆ, ಕತ್ತಿ ಮತ್ತು ಮೀನು ಇನ್ನೊಂದು ಕಡೆ.

ಪ್ರಾಸಬದ್ಧ:
ನೋಡಿ, ನೀವೇ ಬದುಕು ಮತ್ತು ಹಣ್ಣನ್ನು ಒಂದೇ ಗುಂಪಿಗೆ ಹಾಕಿದಿರಿ!

ಹಳೆಓಲೆ:
ಸದ್ದಿನ ಗುಂಪು ಸ್ವಾಮಿ, ಸಂಬಂಧಿಕರ ಗುಂಪಲ್ಲ.

ಜವಾರಿ ಮಂದಿ:
ನಮ್ಮ ಕಡೆ ಬಾಳಿಹಣ್ಣ ಅಂತೀವ್ರಿ. ಗಡಿಯಾಗ ಮರಾಠಿ ಮಂದಿ ಕೇಳ ಅಂತಾರ. ಈ ಕೇಳ ಎಲ್ಲಿಂದ ಬಂತು? ಕನ್ನಡದ ಬಾಳೆಗೂ ಅದಕ್ಕೂ ಏನರ ಸಂಬಂಧ ಐತೇನು?

ಹಳೆಓಲೆ:
ಬಾಳೆಗೆ ಸಂಬಂಧ ಇಲ್ಲ, ಕದಳಿಗೆ ಇದೆ. ಸಂಸ್ಕೃತದ ಕದಲ ಅಥವಾ ಕದಲಿ ಪ್ರಾಕೃತಕ್ಕೆ ಬಂದಾಗ ನಡುವಿನ ದ ಉದುರಿ ಕಯಲ ಆಯಿತು. ಅದು ಇನ್ನೂ ಕುಗ್ಗಿ ಹಿಂದಿಯ ಕೇಲಾ, ಮರಾಠಿಯ ಕೇಳ, ಕೊಂಕಣಿಯ ಕೇಳೆಂ. ಕನ್ನಡಿಗರು ಸಂಸ್ಕೃತದ ಪದವನ್ನು ಪೂರ್ತಿಯಾಗಿ ತಗೊಂಡು ಲ ಜಾಗಕ್ಕೆ ಳ ಹಾಕಿಕೊಂಡರು. ಹೀಗೆ ಸಂಸ್ಕೃತದ ಲ ಕನ್ನಡದಲ್ಲಿ ಳ ಆದರೆ ಅದಕ್ಕೆ ಹಳೆಯ ವ್ಯಾಕರಣದಲ್ಲಿ ಕ್ಷಳ ಅಂತ ಹೆಸರು. ಅಚ್ಚಗನ್ನಡದ ಳ ಕುಳ. ೞ ರಳ. ಆಗ ಲೆಕ್ಕ ಹೀಗಾಗುತ್ತೆ: ಹಣ್ಣಿನ ಬಾೞೆಯಲ್ಲಿ ರಳ, ಮೀನಿನ ಬಾಳೆಯಲ್ಲಿ ಕುಳ, ಕದಳಿಯಲ್ಲಿ ಕ್ಷಳ. ವ್ಯಾಕರಣದ ಮೇಷ್ಟ್ರಿಗೆ ಪಾಠ ಮಾಡೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸಂಸ್ಕೃತಕ್ಕೂ ಕದಲಿ ಮನೆಯ ಪದವಲ್ಲ ಅನ್ನುವ ವಾದ ಇದೆ. ಝಾನ್ ಪ್ರಿಲುಸ್ಕಿ ಅನ್ನುವ ವಿದ್ವಾಂಸರು ಅದು ಮುಂಡಾ, ಖ್ಮೇರ್ ಇರುವ ಆಸ್ಟ್ರೋಏಷ್ಯಾಟಿಕ್ ಕುಟುಂಬದಿಂದ ಬಂದಿರಬೇಕು ಅಂತ ವಾದಿಸಿದ್ದರು. ಗಿಡದ ಚರಿತ್ರೆ ನೋಡಿದರೆ ಇದು ಒಪ್ಪುವ ಮಾತು. ಬಾಳೆಯ ಕಾಡುತಳಿಗಳು ಆಗ್ನೇಯ ಏಷ್ಯಾ, ನ್ಯೂಗಿನಿಯಲ್ಲಿ ಇವೆ. ನ್ಯೂಗಿನಿಯ ಕುಕ್ ಜೌಗಿನಲ್ಲಿ ಸುಮಾರು 7,000 ವರ್ಷ ಹಿಂದೆಯೇ ಬಾಳೆ ಬೆಳೆಯುತ್ತಿದ್ದ ಕುರುಹು ಸಿಕ್ಕಿದೆ. ಹಣ್ಣು ಪೂರ್ವದಿಂದ ಬರುವಾಗ ಹೆಸರೂ ಜೊತೆಗೆ ಬಂದಿರಬಹುದು.

ಅಮರಕೋಶ ತೆಗೆದರೆ ಇನ್ನೂ ಹೆಸರು ಸಿಗುತ್ತವೆ. ರಂಭಾ, ಮೋಚಾ, ವಾರಣಬುಸಾ, ಅಂಶುಮತ್ಫಲಾ. ವಾರಣ ಅಂದರೆ ಆನೆ. ಆನೆ ತೋಟಕ್ಕೆ ನುಗ್ಗಿದರೆ ಮೊದಲು ಏನು ತಿನ್ನುತ್ತೆ ಅಂತ ಆ ಕಾಲದವರಿಗೂ ಗೊತ್ತಿತ್ತು.

ತೋಟದಮನೆ:
ನಮಗೆ ಈಗಲೂ ಗೊತ್ತು. ಪ್ರತಿ ವರ್ಷ ಗೊತ್ತಾಗುತ್ತೆ.

ಕಲ್ಲುಮಂಟಪ:
ಕದಳಿ ಅಂದ ಮೇಲೆ ಅಕ್ಕಮಹಾದೇವಿಯನ್ನು ಬಿಟ್ಟರೆ ಹೇಗೆ? ಶ್ರೀಶೈಲದ ಕದಳಿವನಕ್ಕೆ ಹೋದ ಅಕ್ಕ ಆ ಪದವನ್ನೇ ಹಿಡಿದು ಹೇಳಿದ ವಚನ ಇದೆ: "ಕದಳಿ ಎಂಬುದು ತನು, ಕದಳಿ ಎಂಬುದು ಮನ, ಕದಳಿ ಎಂಬುದು ವಿಷಯಂಗಳು, ಕದಳಿ ಎಂಬುದು ಭವಘೋರಾರಣ್ಯ." ಅದನ್ನು ಗೆದ್ದು ಬಂದ ಮೇಲೆ ಕದಳಿಯ ಬನದಲ್ಲೇ ಭವಹರನನ್ನು ಕಂಡೆ ಅನ್ನುತ್ತಾರೆ. ಇಲ್ಲಿ ಹಣ್ಣಿನ ಸುದ್ದಿಯೇ ಇಲ್ಲ. ದೇಹ, ಮನಸ್ಸು, ಆಸೆ, ಸಂಸಾರ ಎಲ್ಲದಕ್ಕೂ ಒಂದೇ ಹೆಸರು. ಕೊನೆಗೆ ದೇವರು ಸಿಗುವ ಜಾಗಕ್ಕೂ ಅದೇ ಹೆಸರು. ಯಾವುದರಿಂದ ಪಾರಾಗಬೇಕೋ ಅದರೊಳಗೇ ಸಿಕ್ಕಿತು ಅನ್ನುವ ಧಾಟಿ.

ಯಾಕೆ ಬಾಳೆಯನ್ನೇ ಆರಿಸಿದ್ದು? ಭಾರತದಲ್ಲಿ ಬಾಳೆಯ ಕಾಂಡ ಬಹಳ ಹಿಂದಿನಿಂದ ತಿರುಳಿಲ್ಲದ್ದಕ್ಕೆ ಗುರುತು. ಪಾಲಿ ಭಾಷೆಯ ಬೌದ್ಧ ಗ್ರಂಥ ಸಂಯುತ್ತ ನಿಕಾಯದಲ್ಲಿ ಬುದ್ಧ ಸಂಸ್ಕಾರಗಳನ್ನು, ಅಂದರೆ ಮನಸ್ಸಿನಲ್ಲಿ ಏಳುವ ಪ್ರೇರಣೆಗಳನ್ನು, ಬಾಳೆಕಾಂಡಕ್ಕೆ ಹೋಲಿಸುತ್ತಾನೆ. ತಿರುಳು ಬೇಕು ಅಂತ ಕೊಡಲಿ ಹಿಡಿದು ಕಾಡಿಗೆ ಹೋದವನು ಬಾಳೆ ಕಡಿದು ಸಿಪ್ಪೆ ಬಿಚ್ಚುತ್ತಾ ಹೋಗುತ್ತಾನೆ. ಪಟ್ಟೆ ಮೇಲೆ ಪಟ್ಟೆ ಬರುತ್ತೆ, ಒಳಗೆ ಏನೂ ಇರಲ್ಲ. ಅಕ್ಕನ ಕದಳಿ ಕೇಳುವಾಗ ನನಗೆ ಈ ಮಾತು ನೆನಪಾಗುತ್ತೆ.

ತೋಟದಮನೆ:
ಮೇಡಂ, ಬೆಳೆಗಾರನಾಗಿ ಒಂದು ತಿದ್ದುಪಡಿ. ಒಳಗೆ ಏನೂ ಇಲ್ಲ ಅನ್ನೋದು ಗೊನೆ ಹಾಕುವವರೆಗೆ ಮಾತ್ರ ನಿಜ. ನಾವು ಕಾಂಡ ಅನ್ನೋದು ಕಾಂಡವೇ ಅಲ್ಲ, ಎಲೆಯ ಬುಡದ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡಿರೋದು. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಹೂ ಬಿಡುವ ಹೊತ್ತಿಗೆ ಆ ಗೆಡ್ಡೆಯಿಂದ ಒಂದು ದಂಟು ಪಟ್ಟೆಗಳ ನಡುವೆ ತೂರಿಕೊಂಡು ಮೇಲೆ ಬರುತ್ತೆ. ಅದೇ ಬಾಳೆದಿಂಡು. ಅದರ ತುದಿಯಲ್ಲಿ ಹೂವು, ಆಮೇಲೆ ಗೊನೆ. ಹಾಗಾಗಿ ಎಳೆಯ ಬಾಳೆ ಕಡಿದವನಿಗೆ ತಿರುಳು ಸಿಗಲ್ಲ. ಗೊನೆ ಕಡಿದವನಿಗೆ ದಿಂಡಿನ ಪಲ್ಯ ಸಿಗುತ್ತೆ.

ಕಲ್ಲುಮಂಟಪ:
ಬುದ್ಧನ ಆ ಉಪದೇಶದಲ್ಲೂ ಆ ಮನುಷ್ಯ ಕಡಿಯೋದು ಎಳೆಯ, ನೆಟ್ಟಗಿರುವ ಬಾಳೆಯನ್ನೇ. ಹೇಳಿದವರು ತೋಟ ನೋಡಿಯೇ ಹೇಳಿದ್ದಾರೆ ಬಿಡಿ. ಪಾಲಿಯಲ್ಲೇ ಇನ್ನೊಂದು ಸಾಲಿದೆ: ಹಣ್ಣು ಬಾಳೆಯನ್ನು ಕೊಲ್ಲುತ್ತದೆ, ಹಾಗೆಯೇ ಸನ್ಮಾನ ಕೆಟ್ಟ ಮನುಷ್ಯನನ್ನು ಕೊಲ್ಲುತ್ತದೆ ಅಂತ. ಗೊನೆ ಕೊಟ್ಟ ಮೇಲೆ ಗಿಡ ಸಾಯೋದನ್ನೇ ಹಿಡಿದಿದ್ದಾರೆ.

ಪ್ರಾಸಬದ್ಧ:
ಸರಿ, ಅಲ್ಲೇ ಇದೆ ನನ್ನ ಉತ್ತರ. ತಾಯಿ ಗಿಡ ಸತ್ತರೂ ಪಕ್ಕದಲ್ಲಿ ಕಂದು ಎದ್ದಿರುತ್ತೆ. ಅದರ ಪಕ್ಕ ಇನ್ನೊಂದು. ತಮಿಳರು ತಲೆಮಾರಿನಿಂದ ತಲೆಮಾರಿಗೆ ಅನ್ನೋದಕ್ಕೆ 'ವಾೞೈಯಡಿ ವಾೞೈ' ಅಂತಾರೆ, ಬಾಳೆಯ ಬುಡದಲ್ಲಿ ಬಾಳೆ ಅಂತ. ಬಾಳು ಅನ್ನುವ ಹೆಸರು ಈ ಗಿಡಕ್ಕೆ ಬರದೆ ಇನ್ಯಾವುದಕ್ಕೆ ಬರಬೇಕು?

ಹಳೆಓಲೆ:
ಜನ ಮದುವೆಗೆ ಬಾಳೆ ಕಟ್ಟೋದು ಯಾಕೆ ಅಂತ ಕೇಳಿದರೆ ಇದು ಪೂರ್ತಿ ಉತ್ತರ. ಪದ ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಉತ್ತರ ಅಲ್ಲ. ಎರಡು ಪದ ಒಂದೇ ಥರ ಕೇಳಿಸಿದಾಗ ಜನ ಅವುಗಳ ನಡುವೆ ನಂಟು ಕಟ್ಟುತ್ತಾರೆ. ಆಮೇಲೆ ಆ ನಂಟೇ ಆಚರಣೆ ಆಗುತ್ತೆ. ಅದನ್ನು ಸುಳ್ಳು ಅಂತ ಎಸೆಯಬೇಕಿಲ್ಲ, ವ್ಯುತ್ಪತ್ತಿ ಅಂತ ಪಾಠಪುಸ್ತಕಕ್ಕೆ ಹಾಕೋದೂ ಬೇಡ. ನನ್ನ ನಿಲುವು ಇಷ್ಟೇ.

ಭದ್ರೆಯ ಮಗಳು:
ರಂಭೆಯ ವಿಷಯ ಯಾರೂ ಎತ್ತಲೇ ಇಲ್ಲ. ರಂಭೆ ಅಪ್ಸರೆ, ರಂಭಾ ಬಾಳೆ. ಕವಿಗಳು ಹೆಣ್ಣಿನ ತೊಡೆಯನ್ನು ಬಾಳೆದಿಂಡಿಗೆ ಹೋಲಿಸಿ ರಂಭೋರು ಅಂತ ಬರೆದು ಬರೆದು ಸುಸ್ತಾದರು. ನನಗೆ ಅದಕ್ಕಿಂತ ಕುತೂಹಲ ನಮ್ಮ ಊರಿನ ಕಡೆಯ ಹೆಸರು. ಭದ್ರಾ ನದಿ ದಂಡೆಯ ಬಾಳೆಹೊನ್ನೂರಿನ ವೀರಶೈವ ಪೀಠಕ್ಕೆ ರಂಭಾಪುರಿ ಪೀಠ ಅಂತ ಹೆಸರು. ಹೊರಗಿನವರು ಅಪ್ಸರೆಯ ಊರು ಅಂದುಕೊಳ್ಳುತ್ತಾರೆ. ಬಾಳೆಯನ್ನು ಸಂಸ್ಕೃತಕ್ಕೆ ತಿರುಗಿಸಿದರೆ ರಂಭಾ ಆಗುತ್ತೆ, ಅಷ್ಟೇ ಅಲ್ವಾ? ಸುತ್ತಮುತ್ತ ಬಾಳೆಹೊಳೆ, ಆಕಡೆ ಹೊಸನಗರದಿಂದ ಕರಾವಳಿಗೆ ಇಳಿಯುವ ಬಾಳೆಬರೆ ಘಾಟಿ, ಕೊಡಗಿನಲ್ಲಿ ಬಾಳೆಲೆ ಅಂತ ಊರೇ ಇದೆ. ಮಲೆನಾಡಿನವರಿಗೆ ಈ ಗಿಡದ ಮೇಲೆ ಅಷ್ಟು ಪ್ರೀತಿ.

ಕುಡ್ಲದವ:
ಮಂಗಳೂರಿನ ಕದ್ರಿಯನ್ನೂ ಸೇರಿಸಿ. ಅಲ್ಲಿ ನಾಥಪಂಥದ ಮಠ ಇದೆ. ಅವರ ಕಥೆಗಳಲ್ಲಿ ಮತ್ಸ್ಯೇಂದ್ರನಾಥ ಹೋಗಿ ಸೇರಿದ್ದು ಕದಲೀವನಕ್ಕೆ, ಹೆಂಗಸರ ರಾಜ್ಯಕ್ಕೆ. ಕದಲಿ ಹೋಗಿ ಕದ್ರಿ ಆಯಿತು ಅಂತ ನಮ್ಮಲ್ಲಿ ಹೇಳುತ್ತಾರೆ.

ಹಳೆಓಲೆ:
ಹೇಳುತ್ತಾರೆ, ನಿಜ. ಆದರೆ ಅಲ್ಲಿನ ಲೋಕೇಶ್ವರ ಕಂಚಿನ ಮೂರ್ತಿಯ ಪೀಠದಲ್ಲಿ ಶಾಸನ ಇದೆ. ಕ್ರಿ.ಶ. 968ರದ್ದು, ಆಳುಪ ರಾಜ ಕುಂದವರ್ಮನದ್ದು. ಅದರಲ್ಲಿ ಬರುವ ಹೆಸರು ಕದರಿಕಾ ವಿಹಾರ. ಸಾವಿರ ವರ್ಷ ಹಿಂದೆಯೇ ಅಲ್ಲಿ ರ ಇತ್ತು. ಶಾಸನವನ್ನು ಪಕ್ಕಕ್ಕಿಟ್ಟು ದಂತಕಥೆಯನ್ನು ಮುಂದಿಡೋದಕ್ಕೆ ನನಗೆ ಮನಸ್ಸಿಲ್ಲ.

ಕುಡ್ಲದವ:
ಅಲ್ಲ ಮಾರಾಯ್ರೆ, ಬಾೞೆ ಬಾರೆ ಆಗುವ ಊರಿನಲ್ಲಿ ಕದಲಿ ಕದರಿ ಆದರೆ ಏನು ಆಶ್ಚರ್ಯ?

ಹಳೆಓಲೆ:
ರ ಆದದ್ದು ೞ. ಇಲ್ಲಿರೋದು ಲ. ಅದು ಬೇರೆ ಹಾದಿ. ಆದರೂ ಲ–ರ ಅದಲು ಬದಲು ಆಗೋದೇ ಇಲ್ಲ ಅನ್ನಲಾರೆ. ಈ ಸಲ ನಿಮಗೆ ಅರ್ಧ ಅಂಕ.

ಮರಳುಗಾಡಿನ ಕನ್ನಡಿಗ:
ನಾನಿರುವ ಕಡೆ ಅರಬ್ಬಿಯಲ್ಲಿ ಬಾಳೆಹಣ್ಣಿಗೆ ಮೌಜ್ ಅಂತಾರೆ. ಅಮರಕೋಶದ ಮೋಚಾ ಅಂತ ಓದಿದ ಕೂಡಲೇ ಹೊಳೆಯಿತು. ಸಂಸ್ಕೃತದ ಮೋಚವೇ ಪರ್ಷಿಯಾ ದಾಟಿ ಮೌಜ್ ಆಗಿದ್ದು ಅಂತ ಹೇಳುತ್ತಾರೆ. ಅಲ್ಲಿಂದ ಅದು ಲ್ಯಾಟಿನ್‌ಗೆ ಹೋಗಿ ಮೂಸಾ ಆಯಿತು. ಸಸ್ಯಶಾಸ್ತ್ರದಲ್ಲಿ ಬಾಳೆಯ ಕುಲಕ್ಕೆ ಇವತ್ತಿಗೂ ಅದೇ ಹೆಸರು. ರೋಮಿನ ಅಗಸ್ಟಸ್ ದೊರೆಯ ವೈದ್ಯ ಆಂಟೋನಿಯಸ್ ಮೂಸಾನ ನೆನಪಿಗೆ ಇಟ್ಟಿದ್ದು ಅಂತಲೂ ಒಂದು ಕಥೆ ಇದೆ. ನನಗೆ ಅರಬ್ಬಿ ದಾರಿಯೇ ಸಹಜ ಅನ್ನಿಸುತ್ತೆ. ಹಣ್ಣು ಮಾರಿದವರು ಅರಬ್ಬರು, ಹೆಸರೂ ಅವರದ್ದೇ. ಕಾಫಿ ಅಂಗಡಿಯ ಮೋಕಾಗೂ ಇದಕ್ಕೂ ಸಂಬಂಧ ಇಲ್ಲ, ಅದು ಯೆಮೆನ್‌ನ ಬಂದರಿನ ಹೆಸರು.

ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1736ರಲ್ಲಿ ಹಾಲೆಂಡಿನ ಒಬ್ಬ ಶ್ರೀಮಂತನ ತೋಟದಲ್ಲಿ, ಗಾಜಿನ ಮನೆಯೊಳಗೆ ಬಾಳೆಗೆ ಹೂ ಬಿಡಿಸಿ, ಅದರ ಮೇಲೇ ಒಂದು ಪುಸ್ತಕ ಬರೆದ. ಆಮೇಲೆ ಅವನು ಇಟ್ಟ ಹೆಸರು ಮೂಸಾ ಪ್ಯಾರಡಿಸಿಯಾಕಾ, ಸ್ವರ್ಗದ ಬಾಳೆ. ಇನ್ನೊಂದಕ್ಕೆ ಮೂಸಾ ಸೇಪಿಯೆಂಟಮ್, ಜ್ಞಾನಿಗಳ ಬಾಳೆ. ಭಾರತದ ಜ್ಞಾನಿಗಳು ಒಂದು ಹಣ್ಣು ತಿಂದು ಬದುಕುತ್ತಾರೆ ಅಂತ ರೋಮಿನ ಪ್ಲಿನಿ ಬರೆದಿದ್ದ. ಆ ಮಾತಿನ ನೆರಳು ಇದು. ಪ್ಲಿನಿ ಆ ಮರಕ್ಕೆ ಕೊಟ್ಟ ಹೆಸರು 'ಪಾಲ'.

ಇಂಗ್ಲಿಷಿನ ಬನಾನಾ ಮಾತ್ರ ಏಷ್ಯಾದ್ದೇ ಅಲ್ಲ. ಪಶ್ಚಿಮ ಆಫ್ರಿಕಾದ ಪದ, ಪೋರ್ಚುಗೀಸರು ಹೊತ್ತು ತಂದದ್ದು. ಅರಬ್ಬಿಯಲ್ಲಿ ಬನಾನ್ ಅಂದರೆ ಬೆರಳ ತುದಿ, ಅದರಿಂದಲೇ ಬನಾನಾ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಿಮ್ಮ ಬಾಳು–ಬಾಳೆ ಥರದ್ದೇ ಕೇಸು.

ಹಳೆಓಲೆ:
ಚೆನ್ನಾಗಿ ಹೇಳಿದಿರಿ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಚ್ಚು ಮಾಡಿಸಿದ ಪುಸ್ತಕದಲ್ಲಿ ಗಿನಿಯಲ್ಲಿ ಇದಕ್ಕೆ ಬನಾನಾ ಅಂತಾರೆ ಅಂತ ದಾಖಲಿಸಿದ್ದಾನೆ. ಮಲಬಾರಿನವರು ಪಳಂ ಅಂತಾರೆ ಅಂತಲೂ ಬರೆದಿದ್ದಾನೆ. ಅದು ಬರೀ 'ಹಣ್ಣು' ಅನ್ನೋ ಪದ! ಇವತ್ತಿಗೂ ಕೇರಳದಲ್ಲಿ ಸುಮ್ನೆ ಪೞಂ ಅಂದರೆ ಬಾಳೆಹಣ್ಣೇ.

ಭದ್ರೆಯ ಮಗಳು:
ನಮ್ಮಲ್ಲೂ ಹಾಗೇ ಅಲ್ವಾ? ದೇವಸ್ಥಾನಕ್ಕೆ ಹಣ್ಣುಕಾಯಿ ತಗೊಂಡು ಹೋಗು ಅಂದರೆ ಯಾರೂ ಸೇಬು, ಬದನೆಕಾಯಿ ತಗೊಂಡು ಹೋಗಲ್ಲ. ಹಣ್ಣು ಅಂದರೆ ಬಾಳೆ, ಕಾಯಿ ಅಂದರೆ ತೆಂಗು. ಮಲೆನಾಡಲ್ಲಿ ಊಟಕ್ಕೆ ಕರೆಯುವಾಗ "ಬಾಳೆ ಹಾಕಿದೆ, ಬನ್ನಿ" ಅಂತಾರೆ. ಅಲ್ಲಿ ಬಾಳೆ ಅಂದರೆ ಎಲೆ. ಅಡುಗೆ ಭಟ್ಟರಂತೂ ಜನರನ್ನೇ ಎಣಿಸಲ್ಲ. "ಎಷ್ಟು ಎಲೆ?" ಅಂತ ಕೇಳುತ್ತಾರೆ.

ಪ್ರಾಸಬದ್ಧ:
ಭಾಷೆಯ ಮಾತು ಬಂದಿದ್ದಕ್ಕೆ ಇನ್ನೊಂದು. ಕನ್ನಡ ಎಷ್ಟು ಸುಲಭ ಅಂತ ಹೇಳೋಕೆ ಕವಿ ಮಹಲಿಂಗರಂಗ ಬಾಳೆಹಣ್ಣನ್ನೇ ಹಿಡಿದ. "ಸುಲಿದ ಬಾಳೆಯ ಹಣ್ಣಿನಂದದಿ, ಕಳೆದ ಸಿಗುರಿನ ಕಬ್ಬಿನಂದದಿ." ಮೋಕ್ಷಕ್ಕೆ ಇಂಥ ಕನ್ನಡ ಸಾಲದೇ, ಸಂಸ್ಕೃತದಲ್ಲಿ ಇನ್ನೇನಿದೆ ಅಂತ ಕೇಳುತ್ತಾನೆ.

ಹಳೆಓಲೆ:
ಆ 'ಸುಲಿದ' ಅನ್ನೋ ಪದದ ಮೇಲೆ ಸ್ವಲ್ಪ ಗಮನ ಇಡಿ. ಕಾವ್ಯದ ಶೈಲಿಯನ್ನು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಅಂತ ಮೂರು ಮಾಡುವ ರೂಢಿ ಇತ್ತು. ದ್ರಾಕ್ಷಿ ಬಾಯಿಗೆ ಹಾಕಿದರೆ ಆಯಿತು. ಬಾಳೆ ಸುಲಿಯಬೇಕು. ತೆಂಗು ಒಡೆಯಬೇಕು. ಬಾಳೆಗೆ ಅಲ್ಲಿ ನಡುವಿನ ಜಾಗ. ಮಹಲಿಂಗರಂಗ ಅದನ್ನು ಸುಲಿದೇ ಕೈಗಿಟ್ಟ. ಸಂಸ್ಕೃತ ಪಂಡಿತರ ಅಳತೆಗೋಲನ್ನೇ ತಗೊಂಡು ಅವರನ್ನೇ ಕುಟುಕಿದ ಹಾಗೆ ನನಗೆ ಕಾಣುತ್ತೆ.

ಜವಾರಿ ಮಂದಿ:
ಪಂಡಿತರ ಮಾತು ಸಾಕ್ರಿ, ಸಂತ್ಯಾಗಿನ ಹೆಸರು ನೋಡೋಣ. ನಮ್ಮ ಕಲಬುರಗಿ ಕಡೆ ಕಮಲಾಪುರದ ಕೆಂಪು ಬಾಳಿ ಐತಿ, ಜಿಐ ಟ್ಯಾಗ್ (ಆ ಊರಿನ ವಿಶೇಷ ಬೆಳಿ ಅನ್ನೋ ಗುರುತು) ಬಂದೈತಿ. ಬಣ್ಣಕ್ಕ ಹೆಸರು, ತಕರಾರಿಲ್ಲ. ಆದ್ರ ಏಲಕ್ಕಿ ಬಾಳಿಗೆ ಏಲಕ್ಕಿ ವಾಸನಿ ಎಲ್ಲೈತ್ರಿ?

ತೋಟದಮನೆ:
ವಾಸನೆ ಹುಡುಕಬೇಡಿ, ಗಾತ್ರ ನೋಡಿ. ಸಣ್ಣದು, ದುಂಡಗೆ. ಅದಕ್ಕೇ ಏಲಕ್ಕಿ ಅಂತ ನಾವು ಅಂದುಕೊಂಡಿದ್ದೇವೆ. ಕೆಲವು ಕಡೆ ಪುಟ್ಟಬಾಳೆ ಅಂತಲೂ ಅಂತಾರೆ. ಕೇರಳದಲ್ಲಿ ಇದೇ ಹಣ್ಣು ಞಾಲಿಪ್ಪೂವನ್. ಮುಂಬೈ, ದೆಹಲಿಯವರು ಹೆಸರನ್ನು ನಂಬಿ ಇಲೈಚಿ ಕೇಲಾ ಅಂತ ತರ್ಜುಮೆ ಮಾಡಿ ಮಾರುತ್ತಾರೆ.

ಕುಡ್ಲದವ:
ನಮ್ಮಲ್ಲಿ ಮೈಸೂರು ಬಾಳೆ ಅಂತ ಸಿಗುತ್ತದೆ. ಮೈಸೂರಿನಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಕದಳಿ ಅಂದರೂ ನಮಗೆ ವಚನ ಅಲ್ಲ, ಗೊನೆಯಲ್ಲಿ ತೂಗುವ ಒಂದು ತಳಿ. ಗುರುವಾಯೂರಿನಲ್ಲಿ ದೇವರಿಗೆ ಕದಳಿಪ್ಪೞವೇ ಆಗಬೇಕು.

ಮರಳುಗಾಡಿನ ಕನ್ನಡಿಗ:
ನಿಮ್ಮ ಮೈಸೂರು ಬಾಳೆ ತಮಿಳರ ಪೂವನ್. ಬಾಳೆ ತಳಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಡೀ ಆ ಗುಂಪಿಗೆ 'ಮೈಸೂರು' ಅಂತಲೇ ಹೆಸರು. ವೆಸ್ಟ್ ಇಂಡೀಸ್‌ನಲ್ಲೂ ಅದೇ ಹೆಸರಿನಲ್ಲಿ ಬೆಳೆಯುತ್ತಾರೆ. ಮೈಸೂರಿಗರಿಗೆ ಮಾತ್ರ ಗೊತ್ತಿಲ್ಲ.

ಹೊಳೆದಂಡೆ:
ಜಿ ನೈನ್ ಬಾಳೆ ಅಂತಾರಲ್ಲ, ಅದು ಏನು ಹಾಗಾದರೆ? ಜಿ ಏಟ್, ಜಿ ಟೆನ್ ಕೂಡ ಇದೆಯಾ?

ತೋಟದಮನೆ:
ಹ್ಹಹ್ಹ. ನೈನ್ ಸಂಖ್ಯೆ ಅಲ್ಲ. ಗ್ರಾಂಡ್ ನೈನ್ ಅನ್ನೋ ಫ್ರೆಂಚ್ ಹೆಸರು. ನೈನ್ ಅಂದರೆ ಕುಳ್ಳ. ಗ್ರಾಂಡ್ ಅಂದರೆ ದೊಡ್ಡದು. ಒಟ್ಟು 'ದೊಡ್ಡ ಕುಳ್ಳ'. ಕ್ಯಾವೆಂಡಿಶ್ ಗುಂಪಿನಲ್ಲಿ ತೀರಾ ಕುಳ್ಳಗಿನ ತಳಿಗಿಂತ ಎತ್ತರ, ಎತ್ತರದ್ದಕ್ಕಿಂತ ಗಿಡ್ಡ. ನರ್ಸರಿಯವರು ಜಿ-9 ಅಂತ ಬರೆದರು, ನಾವು ಹಾಗೇ ಓದಿದೆವು. ನಮ್ಮ ಪಚ್ಚಬಾಳೆಯೂ ಆ ಗುಂಪಿನದ್ದೇ. ಕ್ಯಾವೆಂಡಿಶ್ ಅನ್ನೋದು ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕ್‌ನ ಮನೆತನದ ಹೆಸರು. ಅವನ ಚಾಟ್ಸ್‌ವರ್ತ್ ಬಂಗಲೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಅದನ್ನು ಬೆಳೆಸಿದ.

ಭದ್ರೆಯ ಮಗಳು:
ನಂಜನಗೂಡು ರಸಬಾಳೆ ಈಗ ಸಿಗುತ್ತಾ? ಹೆಸರು ಎಲ್ಲ ಕಡೆ ಕೇಳುತ್ತೆ, ಹಣ್ಣು ಕಾಣಲ್ಲ.

ತೋಟದಮನೆ:
ಜಿಐ ಟ್ಯಾಗ್ ಸಿಕ್ಕಿ ಬಹಳ ವರ್ಷ ಆಯಿತು. ಆದರೆ ಪನಾಮ ಸೊರಗು ರೋಗ ಅದನ್ನು ಹೆಚ್ಚುಕಡಿಮೆ ಮುಗಿಸಿತ್ತು. ರೋಗದ ಶಿಲೀಂಧ್ರ ಮಣ್ಣಲ್ಲೇ ಉಳಿಯುತ್ತೆ. ಒಮ್ಮೆ ಬಂದ ಜಾಗದಲ್ಲಿ ಮತ್ತೆ ನೆಟ್ಟರೆ ಮತ್ತೆ ಬರುತ್ತೆ. ರೋಗ ಇರುವ ತೋಟದ ಕಂದು ತಂದರೆ ಅದರ ಜೊತೆ ರೋಗವನ್ನೂ ತಂದ ಹಾಗೆ. ಟಿಶ್ಯೂ ಕಲ್ಚರ್ ಸಸಿ ತಂದು ಹೊಸ ಮಣ್ಣಲ್ಲಿ ಬೆಳೆಯುವವರು ಕೆಲವರು ಇದ್ದಾರೆ. ಪೇಟೆಯಲ್ಲಿ ರಸಬಾಳೆ ಅಂತ ಬೋರ್ಡ್ ಇದ್ದರೆ ಯಾವ ಊರಿನದ್ದು ಅಂತ ಕೇಳಿ ತಗೊಳ್ಳಿ. ಅದೇ ಗುಂಪಿನ ತಮಿಳುನಾಡಿನ ರಸ್ತಾಳಿಯನ್ನೂ ಆ ಹೆಸರಿನಲ್ಲಿ ಮಾರುತ್ತಾರೆ.

ಜವಾರಿ ಮಂದಿ:
ಹೊಳೆದಂಡೆಯವರ, ಆ ಬಾಳಿ ಮೀನಿನ ಸಾರು ಹೆಂಗ ಮಾಡ್ತೀರಿ ಅಂತ ಬ್ಯಾರೆ ಒಂದು ಚರ್ಚೆ ತೆಗೀರಿ. ಅದರಾಗ ರಳ, ಕುಳ ಬ್ಯಾಡ.